ಒಸಡಿನ ನೀಲಿ ಗೆರೆ

ನನ್ನ ಕೆಲಸ ಸಹಿ ಮಾಡುವುದು. ಮೂವತ್ತೊಂದು ವರ್ಷ ಮಿದುಳಿನ ರೋಗಗಳನ್ನೇ ನೋಡಿಕೊಂಡು ಬಂದವಳು ಕೊನೆಗೆ ಸಹಿ ಹಾಕುವವಳಾಗಿ ಉಳಿದೆ ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯೇನೂ ಇಲ್ಲ. ನಾಚಿಕೆಪಡುವುದಕ್ಕೂ ಸ್ವಲ್ಪ ತ್ರಾಣ ಬೇಕಾಗುತ್ತದೆ. ಗದಗಿನ ಮತಿಮಾಪನ ಕೇಂದ್ರಕ್ಕೆ ದಿನಕ್ಕೆ ನಲವತ್ತು ಜನ ಮುದುಕರು ಬರುತ್ತಾರೆ. ಅವರನ್ನು ಪರೀಕ್ಷಿಸುವುದು ಯಂತ್ರ. ಯಂತ್ರ ಹೇಳಿದ್ದರ ಕೆಳಗೆ ಒಬ್ಬ ಮನುಷ್ಯನ ಸಹಿ ಇರಲೇಬೇಕೆಂದು ಕಾನೂನಿದೆ. ಆ ಮನುಷ್ಯ ನಾನು, ಡಾಕ್ಟರ್ ವತ್ಸಲಾ ಕರಡಿಗುದ್ದಿ.

ಜನ ಆ ಯಂತ್ರಕ್ಕೆ ತಲೆತಕ್ಕಡಿ ಎಂದು ಹೆಸರಿಟ್ಟಿದ್ದಾರೆ. ಸರ್ಕಾರಿ ಹೆಸರು ಒಂದೂವರೆ ಸಾಲು ಉದ್ದವಿದೆ, ನನ್ನ ಬಾಯಿಗೂ ಬರುವುದಿಲ್ಲ. ಸಲೂನಿನ ಕುರ್ಚಿಯ ಮೇಲೆ ಸ್ಟೀಲ್ ಬುಟ್ಟಿ ಬೋರಲು ಹಾಕಿದಂತಿದೆ. ಮಿದುಳು ಕೆಲಸ ಮಾಡುವಾಗ ಅತಿ ಸಣ್ಣ ಕಾಂತದ ಅಲೆಗಳೇಳುತ್ತವೆ. ಬುಟ್ಟಿ ಅವನ್ನು ಒಂಬತ್ತು ನಿಮಿಷ ಕೇಳಿಸಿಕೊಂಡು, ತನ್ನಲ್ಲಿರುವ ಮೂವತ್ತು ಲಕ್ಷ ತಲೆಗಳ ದಾಖಲೆಯ ಜೊತೆ ತಾಳೆ ನೋಡುತ್ತದೆ. ಒಂದು ಹನಿ ರಕ್ತವನ್ನೂ ನೋಡುತ್ತದೆ. ಮರೆವಿಗೆ ವಯಸ್ಸೊಂದೇ ಕಾರಣವಲ್ಲವಲ್ಲ. ಬಿ-ಹನ್ನೆರಡು ಕಡಿಮೆಯಾದರೂ ಮರೆವು, ಥೈರಾಯ್ಡ್ ಕೆಟ್ಟರೂ ಮರೆವು, ಬಚ್ಚಲಲ್ಲಿ ಜಾರಿ ಬಿದ್ದು ತಲೆಯೊಳಗೆ ರಕ್ತ ಹೆಪ್ಪುಗಟ್ಟಿದರೂ ಮರೆವು, ಐದು ಜನ ಡಾಕ್ಟರು ಬರೆದುಕೊಟ್ಟ ಹದಿನೈದು ಗುಳಿಗೆಗಳು ಹೊಟ್ಟೆಯೊಳಗೆ ಜಗಳವಾಡಿದರೂ ಮರೆವು. ಹೀಗೆ ಗುಣಪಡಿಸಬಹುದಾದ ನಲವತ್ತು ಕಾರಣಗಳ ಪಟ್ಟಿ ಯಂತ್ರದಲ್ಲಿದೆ. ಒಂದು ಸಿಕ್ಕರೂ ಹಳದಿ ಚೀಟಿ, ಔಷಧ. ಯಾವುದೂ ಸಿಗದಿದ್ದರೆ ಬೂದು ಚೀಟಿ.

ಬೂದು ಚೀಟಿ ಬಂದರೆ ಚಿಕಿತ್ಸೆ ನಿಲ್ಲುತ್ತದೆ. ನಲವತ್ತು ದಿನದೊಳಗೆ ಮುಂಡರಗಿ ರಸ್ತೆಯ ನೆರಳು ನಿವಾಸದಿಂದ ಗಾಡಿ ಬಂದು ಕರೆದುಕೊಂಡು ಹೋಗುತ್ತದೆ. ಅಲ್ಲಿ ಸ್ವಚ್ಛ ಹಾಸಿಗೆ, ಹೊತ್ತಿಗೆ ಸರಿಯಾಗಿ ಗಂಜಿ, ಭಾನುವಾರ ಎರಡು ತಾಸು ಮನೆಯವರ ಭೇಟಿ. ಕೆಟ್ಟ ಜಾಗವಲ್ಲ. ಅಲ್ಲಿಂದ ಇದುವರೆಗೆ ಯಾರೂ ಮನೆಗೆ ಮರಳಿಲ್ಲ, ಅಷ್ಟೇ. ಮೊದಮೊದಲು ಜನ ಅತ್ತರು, ಧರಣಿ ಕೂತರು. ಈಗ ತಕ್ಕಡಿಗೆ ಕರೆತರುವ ಮುಂಚೆ ಮನೆಯಲ್ಲಿ ತಾಲೀಮು ಮಾಡಿಸುತ್ತಾರೆ, ಇವತ್ತು ಯಾವ ವಾರ, ನಿನ್ನ ಸೊಸೆಯ ಹೆಸರೇನು ಅಂತ. ತಕ್ಕಡಿ ಏನನ್ನೂ ಕೇಳುವುದಿಲ್ಲ ಎಂದು ಹೇಳಿದರೂ ನಂಬುವುದಿಲ್ಲ.

ಜನವರಿಯ ಒಂದು ಮಂಗಳವಾರ ಮೂವತ್ತೆರಡನೆಯವರಾಗಿ ತಿಪ್ಪಣ್ಣ ಬಂದರು. ಎಪ್ಪತ್ತೊಂದು ವರ್ಷ, ಹೊಸಪೇಟೆ ಓಣಿಯ ಮಾರುತಿ ಗುಡಿಯ ಪೂಜಾರಿ. ಪೂಜೆಯ ಮಂತ್ರ ಅರ್ಧಕ್ಕೆ ನಿಂತು ಎರಡು ವರ್ಷವಾಗಿತ್ತು. ಈಗ ಹೆಂಡತಿಯನ್ನು ಅವ್ವಾ ಎಂದು ಕರೆಯುತ್ತಿದ್ದರು. ಆ ಹೆಂಡತಿ ನೀಲವ್ವ, ಗಂಡನ ಧೋತರದ ಚುಂಗು ಹಿಡಿದುಕೊಂಡೇ ನನ್ನ ಎದುರು ಕೂತಳು. ಮಕ್ಕಳಿಲ್ಲದ ಮನೆ. ತಕ್ಕಡಿಯ ಚೀಟಿ ಮೇಜಿನ ಮೇಲಿತ್ತು, ಬೂದು.

"ಬಾಯಾರ, ಅದರಾಗ ಏನ್ ಬರದೈತ್ರಿ?"

"ವಯಸ್ಸಿನ ಮರವು. ವಾಪಸ್ ಬರೂದಿಲ್ಲ."

"ಮತ್ತ ಗಾಡಿ ಬರತೈತೇನ್ರಿ?"

"ಬರತೈತಿ."

ಆಕೆ ಅಳಲಿಲ್ಲ. "ಇವ್ರು ನನ್ನ ಕೈಯಾಗಿನ ತುತ್ತು ಬಿಟ್ರ ಯಾರ ಕೈಯಾಗಿಂದೂ ತಿನ್ನೂದಿಲ್ರಿ. ಅಲ್ಲಿ ಉಪಾಸ ಸಾಯ್ತಾರ," ಎಂದಳು. ಇಂಥ ಮಾತು ದಿನಕ್ಕೆ ಹತ್ತು ಸಲ ಕೇಳುತ್ತೇನೆ. ಪೆನ್ನಿನ ಟೋಪಿ ತೆಗೆದೆ.

ನೀಲವ್ವ ಗಂಡನಿಗೆ, "ಬಾಯಾರಿಗೆ ನಮಸ್ಕಾರ ಮಾಡ್ರಿ, ಹೋಗೂನು," ಎಂದಳು. ತಿಪ್ಪಣ್ಣ ಕೈ ಎತ್ತಿದರು. ಮೊಳಕೈ ಬಂತು, ಹಸ್ತ ಬರಲಿಲ್ಲ. ಎರಡೂ ಕೈ ಮಣಿಕಟ್ಟಿನಿಂದ ಜೋತುಬಿದ್ದಿದ್ದವು. ವಯಸ್ಸಿನ ಮರೆವು ಮಣಿಕಟ್ಟಿಗೆ ಇಳಿಯುವುದಿಲ್ಲ. ಕೈ ಜೋತುಬೀಳುವ ಮರೆವನ್ನು ನಾನು ಒಂದೇ ಒಂದು ಸಲ ನೋಡಿದ್ದೆ, ಓದುವ ಕಾಲದಲ್ಲಿ, ಬ್ಯಾಟರಿ ಒಡೆದು ಸೀಸ ಕರಗಿಸುವವನೊಬ್ಬನಲ್ಲಿ. ನಮ್ಮ ಮೇಷ್ಟರು ಅವನ ಬಾಯಿ ತೆಗೆಸಿ ನಮಗೆಲ್ಲ ತೋರಿಸಿದ್ದರು.

"ಯಜಮಾನ್ರ, ಬಾಯಿ ತಗೀರಿ," ಎಂದೆ.

ಹಲ್ಲು ಗಟ್ಟಿಯಿದ್ದವು. ಹಲ್ಲು ಒಸಡಿನೊಳಗೆ ಇಳಿಯುವ ಅಂಚಿನಲ್ಲಿ ಉದ್ದಕ್ಕೂ ನೀಲಿಗಪ್ಪು ಗೆರೆ, ಬಾಲ್‌ಪೆನ್ನಿನಿಂದ ಎಳೆದಷ್ಟು ಸಣ್ಣದು. ಹತ್ತಿಯಿಂದ ತಿಕ್ಕಿ ನೋಡಿದೆ. ಹೋಗಲಿಲ್ಲ. ಪೆನ್ನಿಗೆ ಟೋಪಿ ಹಾಕಿದೆ.

ನೀಲವ್ವನಿಗೆ ಹೇಳಿದೆ, "ಸಹಿ ಇವತ್ತು ಮಾಡೂದಿಲ್ಲ. ನನಗ ನಲವತ್ತು ದಿನ ಐತಿ. ಕಾರಣ ಸಿಕ್ರ ಮನ್ಯಾಗ ಉಳೀತಾರ, ಸಿಗಲಿಲ್ಲಂದ್ರ ಗಾಡಿ."

ಲ್ಯಾಬಿನಲ್ಲಿ ಇಮಾಮಸಾಬ್ ನನ್ನ ಮುಖ ನೋಡಿ ನಕ್ಕರು. ಅವರು ನನಗಿಂತ ಎರಡು ವರ್ಷ ದೊಡ್ಡವರು, ನನಗಿಂತ ಹೆಚ್ಚು ದಣಿದವರು. "ಸೀಸದ ಟೆಸ್ಟಾ? ಮೇಡಂ, ಪಟ್ಟಿಯೊಳಗ ಮೊದಲು ನಲವತ್ತೊಂದು ಕಾರಣ ಇದ್ದುವು, ನೆನಪೈತೇನು? ಒಂದು ಹೊಡದು ಹಾಕಿದ್ರು."

ನೆನಪಾಯಿತು. ಹದಿನೆಂಟು ವರ್ಷದ ಹಿಂದೆ ಬಣ್ಣ, ಪೈಪು, ಬ್ಯಾಟರಿ ಎಲ್ಲದರಿಂದಲೂ ಸೀಸ ತೆಗೆದು, ರಾಜ್ಯ ಸೀಸಮುಕ್ತವಾಯಿತೆಂದು ಮೆರವಣಿಗೆ ಮಾಡಿದ್ದರು. ಇಲ್ಲದ ವಿಷಕ್ಕೆ ಪರೀಕ್ಷೆ ಯಾಕೆಂದು ಅದರ ರಾಸಾಯನಿಕ ಬರುವುದೂ ನಿಂತಿತು. ತಕ್ಕಡಿಗೆ ಸೀಸವೆಂದರೆ ಏನೆಂದೇ ಗೊತ್ತಿಲ್ಲ. ಗೊತ್ತಿಲ್ಲದ್ದೆಲ್ಲ ಅದಕ್ಕೆ ವಯಸ್ಸು.

"ನಮ್ಮ ಭಾವನ ಗುಜರಿ ಅಂಗಡ್ಯಾಗ ಒಂದು ಗನ್ನು ಐತ್ರಿ," ಎಂದರು ಇಮಾಮಸಾಬ್. "ಮೋಡಕಾ ಮಾಲು ಬಂದ್ರ ತಾಮ್ರ ಎಷ್ಟು, ಹಿತ್ತಾಳಿ ಎಷ್ಟು ಅಂತ ಅದರಲೇ ನೋಡ್ತಾನ."

ಆ ಗನ್ನು ಕ್ಷಕಿರಣ ಬಿಡುತ್ತದೆ. ಕಿರಣ ತಾಗಿದ ಲೋಹ ತನ್ನದೇ ಬಗೆಯ ಕಿರಣವನ್ನು ವಾಪಸ್ಸು ಚಿಮ್ಮಿಸುತ್ತದೆ, ಅದರಿಂದ ಯಾವ ಲೋಹವೆಂದು ತಿಳಿಯುತ್ತದೆ. ದೇಹದೊಳಗೆ ಹೋದ ಸೀಸದ ಬಹುಪಾಲು ಸುಣ್ಣದ ಜಾಗ ಕಬಳಿಸಿ ಎಲುಬಿನಲ್ಲಿ ಕೂತುಬಿಡುತ್ತದೆ, ಮೊಳಕಾಲ ಕೆಳಗಿನ ಎಲುಬೋ ಚರ್ಮಕ್ಕೆ ಹತ್ತಿರ. ಮರುದಿನ ತಿಪ್ಪಣ್ಣನವರನ್ನು ಗುಜರಿ ಅಂಗಡಿಯ ಬೆಂಚಿನ ಮೇಲೆ ಕೂರಿಸಿ, ಧೋತರ ಸರಿಸಿ, ಮೂರು ನಿಮಿಷ ಗನ್ನು ಹಿಡಿದೆವು. ಪರದೆಯಲ್ಲಿ ಸೀಸದ ಗೆರೆ ಏರಿ ನಿಂತಿತು. ಇಮಾಮಸಾಬರ ಭಾವ, "ಈ ಮಾಲು ಎಲ್ಲೀದ್ರಿ?" ಎಂದು ಕೇಳಿದ. ತಿಪ್ಪಣ್ಣ ತಮ್ಮ ಕಾಲನ್ನು ತಾವೇ ಬಗ್ಗಿ ನೋಡಿಕೊಂಡರು.

ಇನ್ನು ಅದು ಎಲ್ಲಿಂದ ಬಂತೆಂದು ಹುಡುಕಬೇಕಿತ್ತು. ಬೇರು ಹಾಗೇ ಇದ್ದರೆ ಔಷಧ ದಂಡ. ಗನ್ನು ಎರವಲು ತೆಗೆದುಕೊಂಡು ಹೊಸಪೇಟೆ ಓಣಿಗೆ ಹೋದೆ. ಗುಡಿಯ ಹಿಂದೆಯೇ ಎರಡು ಕೋಣೆಯ ಮನೆ. ನೀರಿನ ಕೊಡ, ಕಲಾಯಿ ಮಾಡಿದ ಪಾತ್ರೆ, ಗೋಡೆಯ ಬಣ್ಣ, ಅರಿಷಿಣ, ಖಾರಪುಡಿ ಎಲ್ಲಕ್ಕೂ ಹಿಡಿದೆ. ಏನೂ ಇಲ್ಲ. ನೀಲವ್ವ ಚಹಾ ಇಟ್ಟಳು. ಅದಕ್ಕೂ ಹಿಡಿದೆ. "ಚಾಕ್ಕ ಬಂದೂಕು ಹಿಡಿಯೂದು ನೀವ ಮೊದಲ ನೋಡ್ರಿ," ಎಂದಳು.

ಚಹಾ ಕುಡಿಯುತ್ತ, ಗಂಡ ದಿನವಿಡೀ ಏನು ಮುಟ್ಟುತ್ತಿದ್ದರೆಂದು ಕೇಳಿದೆ. ಮಾರುತಿಯನ್ನೇ ಮುಟ್ಟುತ್ತಿದ್ದರು ಎಂದಳು. ಪ್ರತಿ ಶನಿವಾರ ಸಿಂಧೂರವನ್ನು ಎಣ್ಣೆಯಲ್ಲಿ ಕಲಸಿ, ಬರಿಗೈಯಿಂದ ಮೂರ್ತಿಗೆ ಅಡಿಯಿಂದ ಮುಡಿಯವರೆಗೆ ಬಳಿಯುವುದು, ನಲವತ್ತು ವರ್ಷದಿಂದ. ಸರ್ಕಾರ ಹೊಸ ಸಿಂಧೂರ ತಂದಾಗ ಅದು ಮಂಕಾಗಿದೆ, ಮೈಗೆ ಹಿಡಿಯುವುದಿಲ್ಲ, ದೇವರ ಬಣ್ಣ ಬದಲಾಗಬಾರದು ಎಂದು ತಿಪ್ಪಣ್ಣ ಹಟ ಹಿಡಿದರಂತೆ. ಗುಡಿಯ ಉಗ್ರಾಣದಲ್ಲಿ ಹಳೇ ಸಿಂಧೂರದ ಒಂದು ಪೀಪಾಯಿ ಇತ್ತಂತೆ. ಕೈ ಜೋತುಬೀಳುವವರೆಗೂ ಅದನ್ನೇ ಬಳಿದರಂತೆ.

ಆ ಬಣ್ಣ ಬರುವುದೇ ಸೀಸದಿಂದ. ಚಹಾದ ಲೋಟ ಕೆಳಗಿಟ್ಟೆ.

"ಮನ್ಯಾಗ ಐತೇನು ಅದು?"

"ಇಲ್ದ ಇರತೈತೇನ್ರಿ," ಎನ್ನುತ್ತ ದೇವರ ಗೂಡಿನಿಂದ ಹಿತ್ತಾಳೆಯ ಭರಣಿ ತಂದಳು. ಗನ್ನು ಹಿಡಿದ ಕೂಡಲೇ ಅಂಕಿ ಮೇಲಕ್ಕೆ ಹೋಗಿ ಇನ್ನು ಏರಲಾರದೆ ನಿಂತಿತು. ನೀಲವ್ವ ಅದನ್ನು ಗಮನಿಸಲಿಲ್ಲ. ಅವಳು ಭರಣಿಯನ್ನೇ ನೋಡುತ್ತಿದ್ದಳು.

"ಇದರ ಮ್ಯಾಗ ಜೀವಾ ಹಿಡಕೊಂಡೇನ್ರಿ ನಾ. ಇವ್ರಿಗೆ ಮರವು ಸುರು ಆದ ದಿನಾನ ಹರಕಿ ಹೊತ್ತೆ. ಮುಂಜಾನೆದ್ದು ಮಾರುತಿ ಪಾದದಾಗಿಂದು ಒಂದು ಚಿಟಿಕಿ ನಾಲಿಗಿ ಮ್ಯಾಗ ಇಡತೇನಿ. ಕಡಿಮಿ ಆಗಲಿಲ್ಲ ಅಂತ ಹ್ವಾದ ವರ್ಷದಿಂದ ಎರಡು ಚಿಟಿಕಿ ಮಾಡೇನಿ. ಒಂದು ದಿನಾ ತಪ್ಪಿಸಿಲ್ಲ."

ಕೈಗೆ ಅಂಟಿದ ಸಿಂಧೂರ ಮೊದಲು ಸ್ವಲ್ಪ ಮರೆವು ತಂದಿತ್ತು. ಉಳಿದದ್ದನ್ನು ಈ ಚಿಟಿಕೆ ಮಾಡಿತ್ತು. ಅವಳು ನನ್ನ ಮುಖ ನೋಡುತ್ತಿದ್ದಳು. "ಛಲೋ ಮಾಡೇನಲ್ರಿ ನಾ?" ಎಂದು ಕೇಳಿದಳು.

ಹೇಳಬೇಕಿತ್ತು. ಮೂವತ್ತೊಂದು ವರ್ಷದಲ್ಲಿ ಎಂಥೆಂಥ ಸುದ್ದಿಯನ್ನು ಎಷ್ಟು ಮುಖಗಳಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಅವತ್ತು ಆಗಲಿಲ್ಲ. ಈ ಹೆಂಗಸು ಇದನ್ನು ತಾಳಲಾರಳು ಎಂದುಕೊಂಡೆ. ನಿಜ ಹೇಳಬೇಕೆಂದರೆ, ಅವಳು ಅಳುವುದನ್ನು ಕೂತು ನೋಡುವ ಶಕ್ತಿ ನನಗಿರಲಿಲ್ಲ.

"ಹೂಂ," ಎಂದೆ. "ಆದ್ರ ನಾ ಕೊಡೂ ಗುಳಿಗಿಗೂ ಇದಕ್ಕೂ ಆಗಿಬರೂದಿಲ್ಲ. ಔಷಧ ನಡೀತಿರೂತನಕಾ ಇವ್ರಿಗೆ ಇದು ಬ್ಯಾಡ. ಪಥ್ಯ ಅಂತ ತಿಳ್ಕೋರಿ."

"ಮತ್ತ ಇವ್ರಿಗೆ ಆಗಿದ್ದು ಯಾತರಿಂದ್ರಿ?"

"ಯಾವುದೋ ಹಳೇ ಬಣ್ಣದಿಂದ."

ಭರಣಿಯನ್ನು ಪರೀಕ್ಷೆಗೆಂದು ಕೈಚೀಲದಲ್ಲಿ ಹಾಕಿಕೊಂಡೆ. ಗುಡಿಯ ಕಮಿಟಿಯ ಅಧ್ಯಕ್ಷರನ್ನು ಮಾತ್ರ ಕರೆಸಿ, ವಿಷಯ ತಿಳಿಸಿ, ನೀಲವ್ವನ ಕಿವಿಗೆ ಬೀಳದಂತೆ ಪೀಪಾಯಿ ಸಾಗಿಸಿದೆ. ಮೂರ್ತಿಯನ್ನು ತೊಳೆಸಿ ಹೊಸ ಸಿಂಧೂರ ಬಳಿಸಿದರು. ಕಡತದಲ್ಲಿ 'ಕಸುಬಿನ ಬಣ್ಣ, ತೆಗೆಯಲಾಗಿದೆ' ಎಂದು ಬರೆದು, ಅಚ್ಚುಕಟ್ಟಾಗಿ ಮುಗಿಯಿತು ಎಂದುಕೊಂಡೆ.

ಸೀಸವನ್ನು ಹಿಡಿದು ಮೂತ್ರದಲ್ಲಿ ಹೊರಹಾಕುವ ಗುಳಿಗೆ ನಮ್ಮ ಔಷಧಾಲಯದಲ್ಲಿರಲಿಲ್ಲ. ಇಮಾಮಸಾಬ್ ಎಲ್ಲೆಲ್ಲಿಗೋ ಫೋನು ಮಾಡಿ ಒಬ್ಬರಿಗೆ ಸಾಲುವಷ್ಟು ತರಿಸಿದರು. ಅದಕ್ಕೆ ಕೊಳೆತ ಮೊಟ್ಟೆಯ ವಾಸನೆ. ಪೂಜಾರಿಯ ಬಾಯಲ್ಲಿ ಇಂಥ ವಾಸನೆ ಬಂದರೆ ಓಣಿಯವರು ಏನೆಂದಾರು ಎಂದು ನೀಲವ್ವ ಮೂಗು ಮುಚ್ಚಿಕೊಂಡೇ ನುಂಗಿಸಿದಳು. ಮೊದಲು, ಸೀಸದಿಂದಲೇ ಬಂದಿದ್ದ ಹೊಟ್ಟೆನೋವು ನಿಂತಿತು. ಆರನೇ ವಾರ ಹಸ್ತ ಮೇಲೆದ್ದಿತು. ಮೂರನೇ ತಿಂಗಳು ತಿಪ್ಪಣ್ಣ, "ನೀಲಾ, ಚಾದಾಗ ಸಕ್ಕರೀನ ಇಲ್ಲ," ಎಂದರಂತೆ. ಅದನ್ನು ಹೇಳಲೆಂದೇ ಆಕೆ ಎರಡು ಬಸ್ಸು ಬದಲಿಸಿ ಕೇಂದ್ರಕ್ಕೆ ಬಂದಿದ್ದಳು.

ಮತ್ತೊಮ್ಮೆ ತೂಗಿಸಿದಾಗ ಬಿಳಿ ಚೀಟಿ ಬಂತು, ಮರೆವೇ ಇಲ್ಲದವರಿಗೆ ಕೊಡುವಂಥದ್ದು. ನನಗೆ ಖುಷಿಯಾಯಿತು, ಮರುಗಳಿಗೆಯೇ ಹಳೆಯ ಕಡತಗಳ ಕಪಾಟಿನತ್ತ ನೋಡಿದೆ. ಆರು ವರ್ಷದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಬೂದು ಚೀಟಿಗಳಿಗೆ ಸಹಿ ಹಾಕಿದ್ದೆ. ಎಷ್ಟು ಜನರ ಬಾಯಿ ತೆಗೆಸಿ ನೋಡಿದ್ದೆ? ಸೀಸವನ್ನು ಪಟ್ಟಿಗೆ ಮತ್ತೆ ಸೇರಿಸಿರೆಂದು ಮೇಲಿನವರಿಗೆ ಬರೆದೆ. ಒಂದು ಪ್ರಕರಣ ಸಾಲದು ಎಂದು ಉತ್ತರ ಬಂತು. ಇನ್ನು ಮೇಲೆ ಎಲ್ಲರ ಬಾಯಿ ನೋಡಬೇಕು ಎಂದುಕೊಂಡೆ. ಎರಡು ವಾರ ನೋಡಿದೆ. ಆಮೇಲೆ ದಿನಕ್ಕೆ ನಲವತ್ತು ಜನ, ಮೇ ತಿಂಗಳ ಬಿಸಿಲು, ಹೊರಗೆ ಸಾಲು. ಬಿಟ್ಟೆ.

ಜೂನ್ ಕೊನೆಯಲ್ಲಿ ಒಂದು ಬೆಳಿಗ್ಗೆ ನೀಲವ್ವ ಗಂಡನ ಗುಳಿಗೆಗೆಂದು ಬಂದಳು. ಜೊತೆಯಲ್ಲಿ ಓಣಿಯ ಮೂವರು ಹೆಂಗಸರು, ಅವರ ಕೈ ಹಿಡಿದುಕೊಂಡು ಮೂವರು ಮುದುಕರು.

"ಇವ್ರಿಗೂ ಅದ ಗುಳಿಗಿ ಕೊಡ್ರಿ ಬಾಯಾರ. ಅರ್ಧಾ ಕೆಲಸ ನಾ ಮಾಡೇನಿ, ಇನ್ನರ್ಧಾ ನೀವು ಮಾಡ್ರಿ," ಎಂದು ನಕ್ಕಳು.

"ಏನ್ ಅರ್ಧಾ ಕೆಲಸ?"

"ಸಿಂಧೂರ ಕೊಟ್ಟೇನ್ರಿ. ನಮ್ಮವ್ರು ಆರಾಮ ಆದದ್ದ ನೋಡಿ ಏಪ್ರಿಲ್ ತಿಂಗಳದಾಗ ಓಣ್ಯಾಗಿನವ್ರೆಲ್ಲಾ ಬಂದ್ರು. ನೀವು ಒಂದು ಭರಣಿ ಒಯ್ದಿದ್ರಿ, ಇನ್ನೊಂದು ಕಲಶದ ಬುಡಕ ಇತ್ತು. ದಿನಾ ಎರಡೆರಡು ಚಿಟಿಕಿ, ನಾಕು ಮನಿಗೆ."

ನಿಂತಲ್ಲೇ ಮೂವರ ಬಾಯಿ ತೆಗೆಸಿದೆ. ಒಬ್ಬರಿಗೆ ಹಲ್ಲೇ ಇರಲಿಲ್ಲ. ಹಲ್ಲಿಲ್ಲದ ಬಾಯಲ್ಲಿ ಆ ಗೆರೆ ಮೂಡುವುದಿಲ್ಲ. ಇನ್ನಿಬ್ಬರ ಒಸಡಿನಲ್ಲಿ ನೀಲಿ ಹೊಸದಾಗಿ ಹುಟ್ಟುತ್ತಿತ್ತು.

ನೀಲವ್ವನನ್ನು ಒಳಗೆ ಕರೆದು ಬಾಗಿಲು ಹಾಕಿ ಎಲ್ಲವನ್ನೂ ಹೇಳಿದೆ. ಸಿಂಧೂರವೇ ವಿಷವೆಂದು, ತಿಪ್ಪಣ್ಣನವರ ಕೈಗೆ ಅಂಟಿದ್ದಕ್ಕಿಂತ ನಾಲಿಗೆಗೆ ಬಿದ್ದದ್ದೇ ಹೆಚ್ಚೆಂದು, ಇದು ನನಗೆ ಜನವರಿಯಲ್ಲೇ ಗೊತ್ತಿತ್ತೆಂದು. ಆಕೆ ತನ್ನ ಬಲಗೈಯ ಹೆಬ್ಬೆರಳು, ತೋರುಬೆರಳನ್ನು ಒಂದಕ್ಕೊಂದು ಉಜ್ಜುತ್ತ ಕೇಳಿಸಿಕೊಂಡಳು.

"ಅವತ್ತ ಯಾಕ ಹೇಳಲಿಲ್ಲ?"

"ನೀವು ತಡಕೊಳ್ಳೂದಿಲ್ಲ ಅನಸ್ತು."

"ಯಾರ್ನ ಕೇಳಿದ್ರಿ? ನಿಮ್ಮ ತಕ್ಕಡಿ ನಮ್ಮವ್ರನ್ನ ಒಂದು ಮಾತು ಕೇಳದ ಬೂದು ಚೀಟಿ ಕೊಡ್ತು. ನೀವೂ ನನಗ ಅದನ್ನ ಕೊಟ್ರಿ. ಹೇಳಿದ್ರ ಇಕಿಗೆ ತಿಳಿಯಂಗಿಲ್ಲ, ಬಿಡು ಅಂತ." ಆಕೆಯ ಧ್ವನಿ ಏರಲಿಲ್ಲ. "ನಾ ಅಳತಿದ್ದೆ. ಒಂದು ತಿಂಗಳು ಅಳತಿದ್ದೆ. ಆದ್ರ ಮತ್ತೊಬ್ಬರ ಬಾಯಾಗ ಹಾಕತಿದ್ದಿಲ್ಲ."

ತಪ್ಪಾಯಿತು ಎಂದೆ. ಅದು ಕಾಗದದ ಮೇಲೆ ಬರೆದು ರೂಢಿಯಾದ ಮಾತಲ್ಲ.

"ನಾಲ್ಕನೇ ಮನಿ ಯಾರದು?" ಎಂದು ಕೇಳಿದೆ.

"ಬಸಲಿಂಗವ್ವಂದು. ಹಿಟ್ಟಿನ ಗಿರಣಿ ಮಗ್ಗಲ ಮನಿ. ಮೊದಲ ಒಂಚೂರು ಮರೀತಿದ್ಲು, ಅಷ್ಟ. ಹ್ವಾದ ತಿಂಗಳದಾಗ ಒಮ್ಮಿಗಲೇ ಜಾಸ್ತಿ ಆಗಿ ಮನಿ ದಾರಿನ ಮರತ್ಲು. ಸೊಸಿ ಇಲ್ಲಿಗೆ ಕರಕೊಂಡು ಬಂದಿದ್ಲಲ್ರಿ."

ಕಡತ ತೆಗೆದೆ. ಬಸಲಿಂಗವ್ವ, ಅರವತ್ತೊಂಬತ್ತು. ಬೂದು. ಕೆಳಗೆ ನನ್ನ ಸಹಿ, ಜೂನ್ ಆರನೇ ತಾರೀಖಿನದು. ಹತ್ತು ದಿನದ ಹಿಂದೆ ಗಾಡಿ ಬಂದು ಹೋಗಿತ್ತು. ಆ ಮುಖವನ್ನು ನೆನಪಿಗೆ ತಂದುಕೊಳ್ಳಲು ನೋಡಿದೆ. ಬರಲಿಲ್ಲ.

ಇಮಾಮಸಾಬರಿಗೆ ಆ ಮೂವರನ್ನು ಗುಜರಿ ಅಂಗಡಿಗೆ ಕರೆದೊಯ್ದು ಗನ್ನು ಹಿಡಿಸಲು ಹೇಳಿ ನಾನು ಎದ್ದೆ. ಹೊರಗೆ ಇಪ್ಪತ್ತೆಂಟು ಜನ ಸಾಲಿನಲ್ಲಿದ್ದರು. ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ ಸಾಲು ಬಿಟ್ಟು ಹೊರಟೆ. ನೀಲವ್ವ ನನ್ನನ್ನು ನಿಲ್ಲಿಸಿದಳು. "ಮೊದಲ ನಾ ಈ ಮೂರು ಮಂದಿಗೆ ಹೇಳಬೇಕು," ಎಂದಳು. ಸಾಲಿನವರೆಲ್ಲ ಕೇಳುತ್ತಿದ್ದಂತೆಯೇ, ಓಣಿಯ ಆ ಹೆಂಗಸರ ಮುಂದೆ ನಿಂತು, "ನಾ ಕೊಟ್ಟದ್ದು ವಿಷ ಆಗಿತ್ತು. ನನಗ ಗೊತ್ತಿದ್ದಿಲ್ಲ. ಮನ್ಯಾಗ ಉಳದದ್ದು ಯಾರಿಗೂ ಕೊಡಬ್ಯಾಡ್ರಿ, ಡಾಕ್ಟರಿಗೆ ತಂದು ಕೊಡ್ರಿ," ಎಂದಳು. ಒಬ್ಬಳು ಬೈದಳು. ನೀಲವ್ವ ಬೈಸಿಕೊಂಡಳು. ನನಗೆ ಗೊತ್ತಿತ್ತೆಂಬುದನ್ನು ಆಕೆ ಹೇಳಲಿಲ್ಲ. ಅದನ್ನು ನಾನೇ ಹೇಳಿದೆ.

ನೆರಳು ನಿವಾಸದ ಕಾವಲುಗಾರ ನನ್ನನ್ನೂ ನೀಲವ್ವನನ್ನೂ ತಡೆದು ಇವತ್ತು ಭಾನುವಾರವಲ್ಲ ಎಂದ. ಗುರುತಿನ ಚೀಟಿ ತೋರಿಸಿದೆ. ಡಾಕ್ಟರರು ಇಲ್ಲಿಗೆ ಬರುವುದಿಲ್ಲವಲ್ಲ ಎಂದು ಅನುಮಾನಪಡುತ್ತಲೇ ಬಿಟ್ಟ. ಉದ್ದನೆಯ ಪಡಸಾಲೆ, ಫಿನೈಲ್ ವಾಸನೆ, ಎರಡು ಸಾಲು ಮಂಚ. ನಾನು ಸಹಿ ಮಾಡಿದ ಜನ ಇಲ್ಲಿರುತ್ತಾರೆಂದು ಗೊತ್ತಿದ್ದರೂ ಒಂದು ದಿನವೂ ಬಂದಿರಲಿಲ್ಲ. ಹಲವರು ನನಗೆ ಕೈಮುಗಿದರು. ಮುಗಿದ ಕೈಗಳನ್ನೆಲ್ಲ ನೋಡುತ್ತ ನಡೆದೆ. ಕಿಟಕಿಯ ಪಕ್ಕದ ಮಂಚದಲ್ಲಿ ಒಬ್ಬರ ಹಸ್ತ ಮೇಲೇಳಲಿಲ್ಲ. ಆ ಮಂಚದ ನಂಬರು ಅಂಗೈಯಲ್ಲಿ ಬರೆದುಕೊಂಡೆ.

ಬಸಲಿಂಗವ್ವ ಕೊನೆಯ ಮಂಚದಲ್ಲಿ ಕೂತು ಸೆರಗಿನ ತುದಿಯನ್ನು ಮಡಿಸಿ ಬಿಚ್ಚಿ ಮಾಡುತ್ತಿದ್ದಳು. ಕೆಳಗಿನ ಸಾಲಿನಲ್ಲಿ ನಾಲ್ಕು ಹಲ್ಲು ಉಳಿದಿದ್ದವು, ಮೇಲೆ ಏನೂ ಇರಲಿಲ್ಲ. ಗೆರೆ ಇಲ್ಲದಿದ್ದರೆ ನಮ್ಮ ತಪ್ಪಿಲ್ಲ, ಆದರೆ ಆಕೆಗೆ ಔಷಧವೂ ಇಲ್ಲ, ಇಲ್ಲೇ ಉಳಿಯುತ್ತಾಳೆ. ಗೆರೆ ಇದ್ದರೆ ಈ ಹೆಂಗಸನ್ನು ಇಲ್ಲಿಗೆ ಕಳಿಸಿದವರು ನಾವಿಬ್ಬರೇ, ಆದರೆ ಮನೆಗೆ ಹೋಗಬಹುದು. ನೀಲವ್ವ ಮಂಚದ ಪಕ್ಕ ಕುಕ್ಕರುಗಾಲಲ್ಲಿ ಕೂತು ಆಕೆಯ ಗದ್ದ ಹಿಡಿದಳು.

"ಬಸಲಿಂಗವ್ವಾ, ಒಂಚೂರು ಬಾಯಿ ತಗಿಯವಾ."

ಬಾಯಿ ತೆರೆಯಿತು. ಟಾರ್ಚು ಬಿಟ್ಟು ಬಗ್ಗಿ ನೋಡಿದೆ. ನೀಲವ್ವ ಒಳಗೆ ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದಳು.

"ಐತೇನ್ರಿ?" ಎಂದು ಕೇಳಿದಳು.

"ಐತಿ," ಎಂದೆ.